ಅಳಲು ಪುರುಸೊತ್ತಿಲ್ಲದವನು

(ಬಳ್ಳಾರಿಯಲ್ಲಿ ಹವ್ಯಾಸಿ ನಟರು ಮತ್ತು ರಂಗಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಲ್ಲಿ ನಿಂತು ಅಭಿನಯದ ಬಗ್ಗೆ ಮಾತಾಡುವುದು ಅಂದರೆ ಸ್ವಲ್ಪ ಭಯವೇ. ಇದು ನಟ ಬಳ್ಳಾರಿ ರಾಘವರ ಊರು. ಮುಂದಿನ ಸಾಲಿನಲ್ಲಿ ಬಯಲಾಟಕ್ಕೆ ವೇಷ ಕಟ್ಟಿದವರು ಕೂತಿದ್ದೀರಿ. ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರಿದ್ದೀರಿ. ನಿಮ್ಮ ಮುಂದೆ ನಾನು ಅಮೆರಿಕದ ಒಂದು ಟಿವಿ ಧಾರಾವಾಹಿಯ ಬಗ್ಗೆ ಮಾತಾಡಲು ಬಂದಿದ್ದೇನೆ. ಧಾರಾವಾಹಿ ಅಂದ ಕೂಡಲೇ ಹಿಂದೆ ಯಾರೋ ನಕ್ಕರು. ನಗಿ, ಪರವಾಗಿಲ್ಲ. ನಮ್ಮ ಧಾರಾವಾಹಿಗಳ ಅಳು ನೋಡಿದವರು ಯಾರಾದರೂ ನಗಲೇಬೇಕು.

ನಾನು ಹೇಳಹೊರಟಿರುವುದು '24' ಎಂಬ ಧಾರಾವಾಹಿಯ ಜ್ಯಾಕ್ ಬಾವರ್ ಎಂಬ ಗೂಢಚಾರನ ಬಗ್ಗೆ. ಆ ಪಾತ್ರ ಮಾಡಿದವರು ಕೀಫರ್ ಸದರ್ಲ್ಯಾಂಡ್. ಹುಟ್ಟಿದ್ದು 1966ರಲ್ಲಿ, ಲಂಡನ್ನಿನಲ್ಲಿ. ತಂದೆ ಡೊನಾಲ್ಡ್ ಸದರ್ಲ್ಯಾಂಡ್, ತಾಯಿ ಶರ್ಲಿ ಡಗ್ಲಸ್, ಇಬ್ಬರೂ ಕೆನಡಾದ ನಟರು. ಅಂದರೆ ಮನೆಯಲ್ಲೇ ಬಣ್ಣದ ಪೆಟ್ಟಿಗೆ ಇದ್ದ ಹುಡುಗ. ಅವರ ಜೀವನಚರಿತ್ರೆ ಇಷ್ಟು ಸಾಕು. ಉಳಿದದ್ದು ನಮ್ಮ ಕೆಲಸಕ್ಕೆ ಬರುವುದಿಲ್ಲ.

ಗೂಢಚಾರರ ಕಥೆಗಳಲ್ಲಿ ಹೆಂಡತಿ ಸಾಯುವುದು ಹೊಸದಲ್ಲ. ಹೀರೋಗೆ ಸಿಟ್ಟು ಬರಬೇಕಲ್ಲ, ಅದಕ್ಕೆ ಯಾರಾದರೂ ಸಾಯಬೇಕು. ಒಂದು ಹಾಡು, ಮಳೆಯಲ್ಲಿ ಒಂದು ಕಿರುಚಾಟ, ಆಮೇಲೆ ಬಂದೂಕು. ಮುಂದಿನ ಸೀನಿಗೆ ಹೆಂಡತಿಯ ನೆನಪು ಯಾರಿಗೂ ಇರುವುದಿಲ್ಲ. ಸದರ್ಲ್ಯಾಂಡ್ ಈ ದಾರಿ ಹಿಡಿಯಲಿಲ್ಲ. ಅವರ ಜ್ಯಾಕ್ ದುಃಖವನ್ನು ಕೆಲಸದೊಳಗೆ ಇಟ್ಟುಕೊಂಡು ಓಡಾಡುತ್ತಾನೆ. ಅವನು ಫೋನ್ ಎತ್ತುವ ರೀತಿಯಲ್ಲಿ, ದನಿ ಇಳಿಸುವ ರೀತಿಯಲ್ಲಿ, ಬಾಗಿಲ ಬಳಿ ಒಂದು ಕ್ಷಣ ನಿಂತುಬಿಡುವ ರೀತಿಯಲ್ಲಿ ಅದು ಕಾಣುತ್ತದೆ. ಅಳುವುದು ತೀರಾ ಕಡಿಮೆ. ಅತ್ತಾಗ ಮಾತ್ರ ನಮ್ಮ ಹೊಟ್ಟೆ ಕಲಸುತ್ತದೆ. ಇದು ಹೇಗಾಯಿತು ಅನ್ನುವುದೇ ಇವತ್ತಿನ ಮಾತು.

ನೋಡದವರಿಗೆ ಒಂದೆರಡು ವಿಷಯ ಹೇಳಬೇಕು. 2001ರ ನವೆಂಬರ್ 6ರಂದು ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಇದು ಶುರುವಾಯಿತು. ಜೋಯಲ್ ಸರ್ನೋ ಮತ್ತು ರಾಬರ್ಟ್ ಕಾಕ್ರನ್ ಇದರ ಕರ್ತೃಗಳು. ಒಂದು ಸೀಸನ್ ಅಂದರೆ ಒಂದು ದಿನ. ಒಂದು ಕಂತು ಅಂದರೆ ಒಂದು ಗಂಟೆ. ಹೀಗೆ 24 ಕಂತು. ಪರದೆಯ ಮೇಲೆ ಗಡಿಯಾರದ ಅಂಕಿಗಳು ಬಂದು ಟಿಕ್ ಟಿಕ್ ಅನ್ನುತ್ತವೆ. "ಎರಡು ವರ್ಷದ ನಂತರ" ಅಂತ ಕಂತಿನ ಮಧ್ಯೆ ಹಾರುವಂತಿಲ್ಲ. ಜ್ಯಾಕ್ ಲಾಸ್ ಏಂಜಲೀಸ್‌ನಲ್ಲಿ ಭಯೋತ್ಪಾದನೆ ತಡೆಯುವ ದಳದಲ್ಲಿದ್ದಾನೆ. ಹೆಂಡತಿ ಟೆರಿ, ಮಗಳು ಕಿಮ್.

ಈ ಗಡಿಯಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ದುಃಖಕ್ಕೆ ಬೇಕಾದದ್ದು ಸಮಯ. ನಮ್ಮಲ್ಲಿ ಸಾವಾದರೆ ಮೂರನೇ ದಿನ, ಹನ್ನೊಂದನೇ ದಿನ ಅಂತ ಲೆಕ್ಕ ಇದೆ. ಯಾರೂ ಕೆಲಸಕ್ಕೆ ಬಾ ಅನ್ನುವುದಿಲ್ಲ. ಅಕ್ಕಪಕ್ಕದವರು ಅಡುಗೆ ಮಾಡಿ ತರುತ್ತಾರೆ. ದುಃಖ ಪಡುವವನಿಗೆ ಊರೇ ಸಮಯ ಕೊಡುತ್ತದೆ. ಈ ಧಾರಾವಾಹಿ ಅದನ್ನೇ ಕಿತ್ತುಕೊಂಡಿದೆ. ಎಲ್ಲೋ ಬಾಂಬ್ ಇದೆ, ಇನ್ನು ಇಷ್ಟೇ ಗಂಟೆ ಬಾಕಿ. ಅಳಬೇಕಾ? ಆಮೇಲೆ ಅಳು.

ಮೊದಲ ಸೀಸನ್ 2002ರ ಮೇ ತಿಂಗಳಲ್ಲಿ ಮುಗಿಯಿತು. ದಿನವಿಡೀ ಜ್ಯಾಕ್ ಹೆಂಡತಿ ಮಗಳನ್ನು ಉಳಿಸಲು ಓಡಿದ್ದಾನೆ. ಕೊನೆಗೆ ಮಗಳು ಸಿಕ್ಕಿದಳು, ಕೆಲಸವೂ ಮುಗಿಯಿತು. ಕಚೇರಿಯೊಳಗೆ ಹೆಂಡತಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಅವಳು ಕುರ್ಚಿಯಲ್ಲಿ ಕುಸಿದಿದ್ದಾಳೆ. ಕೊಂದವಳು ನೀನಾ, ಅವನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದವಳು. ಟೆರಿ ಬದುಕುವ ಇನ್ನೊಂದು ಕೊನೆಯನ್ನೂ ಚಿತ್ರೀಕರಿಸಿದ್ದರು. ಅದನ್ನು ಬಿಟ್ಟು ಇದನ್ನೇ ಇಟ್ಟುಕೊಂಡರು. ಒಳ್ಳೆಯದೇ ಆಯಿತು. ಅದಿಲ್ಲದಿದ್ದರೆ ಇವತ್ತು ನಾವು ಈ ನಟನ ಬಗ್ಗೆ ಇಷ್ಟು ಮಾತಾಡುತ್ತಿರಲಿಲ್ಲ.

ಆ ದೃಶ್ಯದಲ್ಲಿ ಸದರ್ಲ್ಯಾಂಡ್ ಏನು ಮಾಡುತ್ತಾರೆ ನೋಡಿ. ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡು ಕ್ಷಮೆ ಕೇಳುತ್ತಾರೆ. ದೊಡ್ಡ ಮಾತಿಲ್ಲ. ಮಗುವನ್ನು ತೂಗುವ ಹಾಗೆ ಮೈ ಸಣ್ಣಗೆ ಹಿಂದೆ ಮುಂದೆ ಆಡುತ್ತದೆ. ಮಧ್ಯೆ ಆ ದಿನದ ಶುರುವಿನ ಮನೆಯ ದೃಶ್ಯಗಳು ಬಂದು ಹೋಗುತ್ತವೆ. ಆಮೇಲೆ ಗಡಿಯಾರದ ಅಂಕಿ ಬರುತ್ತದೆ, ಆದರೆ ಸದ್ದಿಲ್ಲ. ಇಡೀ ಸೀಸನ್ ಕಿವಿಗೆ ಕುಟ್ಟಿದ ಸದ್ದು ಅಲ್ಲಿ ನಿಂತುಹೋಗಿದೆ. ಮುಂದೆ ಮುಖ್ಯ ಪಾತ್ರಗಳು ಸತ್ತಾಗ ಈ ಸದ್ದಿಲ್ಲದ ಗಡಿಯಾರ ಮತ್ತೆ ಬರುತ್ತದೆ. ಶುರುವಾದದ್ದು ಟೆರಿಯಿಂದ.

ನನ್ನ ಮಟ್ಟಿಗೆ ನಿಜವಾದ ಅಭಿನಯ ಶುರುವಾಗುವುದು ಎರಡನೇ ಸೀಸನ್‌ನಲ್ಲಿ. ಕಥೆಯಲ್ಲಿ ಸುಮಾರು ಒಂದೂವರೆ ವರ್ಷ ಕಳೆದಿದೆ. ಜ್ಯಾಕ್ ಕೆಲಸ ಬಿಟ್ಟಿದ್ದಾನೆ. ಗಡ್ಡ ಬಿಟ್ಟಿದ್ದಾನೆ. ಮಗಳು ಅವನ ಜೊತೆ ಇಲ್ಲ, ಅಪ್ಪನನ್ನು ನೋಡಿದರೆ ಅವಳಿಗೆ ಅಮ್ಮ ನೆನಪಾಗುತ್ತಾಳೆ. ಗಡ್ಡ ಹಳೇ ಉಪಾಯ ಬಿಡಿ. ದುಃಖ ಅಂದರೆ ಗಡ್ಡ ಅನ್ನುವುದು ನಮ್ಮ ಸಿನಿಮಾಗಳಿಗೂ ಗೊತ್ತು. ಆದರೆ ಗಡ್ಡ ಹೋದ ಮೇಲೂ ಉಳಿಯುವುದೇನು? ಬಾಂಬ್ ಬೆದರಿಕೆ ಬಂದಿದೆ. ಕಥೆಯಲ್ಲಿ ಅಮೆರಿಕದ ಅಧ್ಯಕ್ಷನಾದ ಪಾಮರ್ ಕೇಳಿಕೊಂಡರು ಅಂತ ಅವನು ಕೆಲಸಕ್ಕೆ ಬರುತ್ತಾನೆ. ಬಂದವನ ನಡಿಗೆ ಬೇರೆ. ಮೊದಲ ಸೀಸನ್‌ನ ಜ್ಯಾಕ್ ಜನರ ಜೊತೆ ವಾದ ಮಾಡುತ್ತಿದ್ದ, ಒಪ್ಪಿಸುತ್ತಿದ್ದ. ಇವನು ವಾದ ಮಾಡುವುದೇ ಇಲ್ಲ. ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ಕಣ್ಣು ಬೇರೆ ಕಡೆ ಹೋಗಿರುತ್ತದೆ. ಪ್ರಾಣದ ಆಸೆ ಬಿಟ್ಟವನ ಆತುರ ಅದು. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಂತಿನ ಮೇಲೆ ಕಂತು ನೋಡುತ್ತಾ ನಮಗೇ ಅನುಮಾನ ಬರುತ್ತದೆ. ಇವನು ಕೆಲಸಕ್ಕೆ ಬಂದದ್ದು ಊರು ಉಳಿಸಲಿಕ್ಕಾ, ಸಾಯಲಿಕ್ಕಾ?

ಅನುಮಾನ ನಿಜವಾಗುವುದು ವಿಮಾನದ ಕಂತಿನಲ್ಲಿ. ಬಾಂಬ್ ನಿಲ್ಲಿಸಲು ಆಗುವುದಿಲ್ಲ. ಅದನ್ನು ಜನವಸತಿ ಇಲ್ಲದ ಮರುಭೂಮಿಗೆ ಒಯ್ದು ಬೀಳಿಸಬೇಕು. ಒಯ್ದವನು ಬದುಕುವುದಿಲ್ಲ. ಜ್ಯಾಕ್ ತಾನೇ ಹೋಗುತ್ತೇನೆ ಅನ್ನುತ್ತಾನೆ. ದಾರಿಯಲ್ಲಿ ಮಗಳಿಗೆ ಫೋನ್ ಮಾಡುತ್ತಾನೆ.

ನಟರಾದವರು ಈ ಫೋನ್ ದೃಶ್ಯವನ್ನು ಮತ್ತೆ ಮತ್ತೆ ನೋಡಬೇಕು. ಆ ಕಡೆ ಮಗಳು ಬಿಕ್ಕುತ್ತಿದ್ದಾಳೆ. ಈ ಕಡೆ ಅಪ್ಪನ ಕಣ್ಣಲ್ಲಿ ನೀರಿದೆ. ಆದರೆ ದನಿ ನಡುಗುವುದಿಲ್ಲ. ಯಾಕೆ? ದನಿ ನಡುಗಿದರೆ ಅವಳು ಒಡೆದುಹೋಗುತ್ತಾಳೆ. ಹಾಗಾಗಿ ಅವನು ಕಣ್ಣಿನಿಂದ ಅಳುತ್ತಾನೆ, ಬಾಯಿಂದ ಧೈರ್ಯ ಹೇಳುತ್ತಾನೆ. ಅವಳಿಗೆ ಕೇಳಿಸುವ ಅಪ್ಪ ಒಬ್ಬ, ನಮಗೆ ಕಾಣಿಸುವ ಅಪ್ಪ ಇನ್ನೊಬ್ಬ. ಒಂದೇ ಮುಖದಲ್ಲಿ ಎರಡು ಪಾತ್ರ. ಗೂಢಚಾರ ಅಂದರೆ ಇದೇ ಅಲ್ವಾ, ಒಳಗೊಂದು ಹೊರಗೊಂದು? ಶತ್ರುಗಳ ಮುಂದೆ ಕಲಿತ ವಿದ್ಯೆಯನ್ನು ಇಲ್ಲಿ ಮಗಳ ಮುಂದೆ ಬಳಸುತ್ತಿದ್ದಾನೆ.

ಆಮೇಲೆ ವಿಮಾನದ ಹಿಂಭಾಗದಿಂದ ಜಾರ್ಜ್ ಮೇಸನ್ ಎದ್ದು ಬರುತ್ತಾನೆ. ಇವನು ಜ್ಯಾಕ್‌ನ ಮೇಲಧಿಕಾರಿ, ಜಗಳಗಂಟ. ಬೆಳಿಗ್ಗೆ ವಿಕಿರಣ ತಗುಲಿದೆ, ಹೇಗೂ ಸಾಯುತ್ತಾನೆ. ನಾನು ಒಯ್ಯುತ್ತೇನೆ, ನೀನು ಧುಮುಕು ಅನ್ನುತ್ತಾನೆ. ಜ್ಯಾಕ್ ಒಪ್ಪುವುದಿಲ್ಲ. ಆಗ ಮೇಸನ್ ಅವನ ಗುಟ್ಟು ಬಿಚ್ಚುತ್ತಾನೆ. ಹೆಂಡತಿ ಸತ್ತಾಗಿಂದ ನೀನು ಸಾಯಲು ಕಾರಣ ಹುಡುಕುತ್ತಿದ್ದೀಯ, ಬದುಕಲು ಇದಕ್ಕಿಂತ ಹೆಚ್ಚು ಗಟ್ಟಿ ಗುಂಡಿಗೆ ಬೇಕು ಅನ್ನುವ ಅರ್ಥದ ಮಾತು. ಆ ಮಾತು ಕೇಳುವಾಗ ಸದರ್ಲ್ಯಾಂಡ್ ಮುಖ ನೋಡಿ. ಸಿಕ್ಕಿಬಿದ್ದವನ ಮುಖ. ಅಷ್ಟು ಹೊತ್ತು ವೀರ ಅಂದುಕೊಂಡಿದ್ದೆವು. ಈಗ ನೋಡಿದರೆ ತಪ್ಪಿಸಿಕೊಂಡು ಓಡುತ್ತಿದ್ದವನು. ಮೇಸನ್ ಪಾತ್ರದ ಕ್ಸ್ಯಾಂಡರ್ ಬರ್ಕ್ಲಿ ಅವರಿಗೂ ಇದರಲ್ಲಿ ಪಾಲಿದೆ. ಕೇಳುವವನು ಚೆನ್ನಾಗಿ ಕೇಳಬೇಕಾದರೆ ಹೇಳುವವನೂ ಚೆನ್ನಾಗಿ ಹೇಳಬೇಕು.

ಇಷ್ಟು ಹೇಳುವಾಗ ಮುಂದೆ ಕೂತಿದ್ದ ಹಿರಿಯ ಬಯಲಾಟದ ಕಲಾವಿದರೊಬ್ಬರು ಕೈ ಎತ್ತಿದರು. "ಅಲ್ಲ ಸಾರ್, ಅಳೋದೇ ಇಲ್ಲ ಅಂದ್ರೆ ನೋಡೋರಿಗೆ ಹೆಂಗ್ ಗೊತ್ತಾಗ್ತೈತೆ? ನಾವು ಅತ್ರೆ ಊರ ಹೊರಗಿನ ನಾಯಿ ಬೊಗಳ್ಬೇಕು, ಹಂಗ್ ಅಳ್ತೀವಿ." ಸಭೆಯಲ್ಲಿ ಚಪ್ಪಾಳೆ. ಪ್ರಶ್ನೆ ಸರಿಯಾಗಿಯೇ ಇತ್ತು. ಬರೆದುಕೊಂಡು ಬಂದದ್ದನ್ನು ಪಕ್ಕಕ್ಕಿಟ್ಟು ಅದಕ್ಕೇ ಉತ್ತರ ಕೊಟ್ಟೆ.

ಬಯಲಲ್ಲಿ ನಿಂತ ನಟನಿಗೆ ಕೊನೆಯ ಸಾಲಿನವರೆಗೆ ಮುಟ್ಟುವ ಜವಾಬ್ದಾರಿ ಇದೆ. ಅಲ್ಲಿ ಕಣ್ಣೀರು ಯಾರಿಗೂ ಕಾಣುವುದಿಲ್ಲ. ಕೇಳಿಸುವುದು ದನಿ ಮಾತ್ರ. ನಮ್ಮ ರಂಗನಟಿ ಸುಭದ್ರಮ್ಮ ಮನ್ಸೂರು ಅವರ ದ್ರೌಪದಿಯನ್ನು ಕಂಡವರು ಇಲ್ಲಿದ್ದೀರಿ. ಆ ಕಂಠದಲ್ಲಿ ದುಃಖ ಹಾಡಾಗಿ ಬರುತ್ತಿತ್ತು, ಬರಲೇಬೇಕಿತ್ತು. ಕ್ಯಾಮೆರಾ ಹಾಗಲ್ಲ. ಅದು ಮುಖದ ಒಂದು ಗೇಣು ದೂರಕ್ಕೆ ಬಂದು ಕೂರುತ್ತದೆ. ಅಲ್ಲಿ ನಾಯಿ ಬೊಗಳುವಷ್ಟು ಅತ್ತರೆ ನೋಡುವವರು ಹಿಂದೆ ಸರಿಯುತ್ತಾರೆ.

ಹಾಗಂತ ತಡೆದು ಅಭಿನಯಿಸುವುದು ಅಮೆರಿಕದವರ ಸ್ವತ್ತೇನೂ ಅಲ್ಲ. ಬಳ್ಳಾರಿ ರಾಘವರು ವಕೀಲಿಕೆ ಮಾಡುತ್ತಾ ನಾಟಕ ಆಡಿದವರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡರು. ಪದ್ಯದ ಮೇಲೆ ಪದ್ಯ ಹಾಡಿ ಚಪ್ಪಾಳೆ ಗಿಟ್ಟಿಸುವ ಕಾಲದಲ್ಲಿ ಅವರು ಹಾಡಿಗಿಂತ ಭಾವ ಮುಖ್ಯ, ಮಾತು ಮುಖ್ಯ ಅಂದರು. ಹಾಡಬೇಕಾ, ತಡೆಯಬೇಕಾ ಅನ್ನುವ ಜಗಳ ಈ ಊರಿನಲ್ಲಿ ಟಿವಿ ಬರುವ ಎಷ್ಟೋ ಮೊದಲೇ ನಡೆದುಹೋಗಿದೆ.

ಇನ್ನು ಕೆಲಸದ ಮೇಲಿರುವಾಗ ದುಃಖ ಬಂದವನ ಕಥೆ. ಅದನ್ನು ನಾವು ಯಾರಿಂದಲೂ ಕಲಿಯಬೇಕಿಲ್ಲ. ಇಲ್ಲೇ ಪಕ್ಕದ ಹಂಪಿಯ ರಾಘವಾಂಕ ಹರಿಶ್ಚಂದ್ರನನ್ನು ಸುಡುಗಾಡಿನಲ್ಲಿ ನಿಲ್ಲಿಸಿದ್ದಾನೆ. ಸತ್ತವನು ಸ್ವಂತ ಮಗ. ಹೊತ್ತು ತಂದವಳು ಹೆಂಡತಿ. ಆದರೂ ಸುಡುವ ತೆರ ಕೊಡು ಅನ್ನುತ್ತಾನೆ, ಅವನು ಡ್ಯೂಟಿಯಲ್ಲಿದ್ದಾನೆ. ಜ್ಯಾಕ್ ಬಾವರ್ ನಿಂತಿರುವುದೂ ಅಂಥದೇ ಜಾಗದಲ್ಲಿ. ವ್ಯತ್ಯಾಸ ಏನೆಂದರೆ ಹರಿಶ್ಚಂದ್ರನಿಗೆ ಕೊನೆಯಲ್ಲಿ ದೇವರು ಬರುತ್ತಾನೆ, ಮಗ ಎದ್ದು ಕೂರುತ್ತಾನೆ, ರಾಜ್ಯ ವಾಪಸ್ ಸಿಗುತ್ತದೆ. ಜ್ಯಾಕ್‌ಗೆ ಏನೂ ವಾಪಸ್ ಸಿಗುವುದಿಲ್ಲ. ಮುಂದಿನ ಸೀಸನ್ ಸಿಗುತ್ತದೆ, ಅಷ್ಟೇ.

ಹಿರಿಯರು ಪೂರ್ತಿ ಒಪ್ಪಲಿಲ್ಲ. "ಹರಿಶ್ಚಂದ್ರನಿಗೂ ಪದ್ಯ ಐತೆ ಸಾರ್" ಅಂದರು. ಅದೂ ನಿಜವೇ.

ಈಗ ನನಗೆ ಅತ್ಯಂತ ಇಷ್ಟವಾದ ದೃಶ್ಯಕ್ಕೆ ಬರುತ್ತೇನೆ. ಮೂರನೇ ಸೀಸನ್‌ನ ಕೊನೆ, 2004ರ ಮೇ. ಆ ದಿನ ಜ್ಯಾಕ್ ಮಾಡಿದ ಕೆಲಸಗಳನ್ನು ಕೇಳಿ. ಗುಟ್ಟಿನ ಕಾರ್ಯಾಚರಣೆಗಾಗಿ ಹೆರಾಯಿನ್ ಚಟಕ್ಕೆ ಬಿದ್ದಿದ್ದಾನೆ, ಅದನ್ನು ಮೈಯಲ್ಲಿ ಸಹಿಸಿಕೊಂಡೇ ದಿನ ಕಳೆದಿದ್ದಾನೆ. ಹೆಂಡತಿಯನ್ನು ಕೊಂದ ನೀನಾಳನ್ನು ಕೊಂದಿದ್ದಾನೆ. ರೋಗಾಣು ಬಿಡುತ್ತೇನೆ ಅಂತ ಬೆದರಿಸಿದವನ ಷರತ್ತಿಗೆ ತನ್ನದೇ ಮೇಲಧಿಕಾರಿ ಚಾಪೆಲ್‌ನನ್ನು ಕೈಯಾರೆ ಗುಂಡಿಟ್ಟು ಸಾಯಿಸಿದ್ದಾನೆ. ಕೊನೆಗೆ ಜೊತೆಗಾರ ಚೇಸ್‌ನ ಮುಂಗೈಗೆ ರೋಗಾಣುವಿನ ಡಬ್ಬಿ ಸಿಕ್ಕಿಕೊಂಡಾಗ ಕೊಡಲಿಯಿಂದ ಅವನ ಕೈಯನ್ನೇ ಕಡಿದಿದ್ದಾನೆ. ಊರು ಉಳಿಯಿತು. ಎಲ್ಲ ಮುಗಿಯಿತು.

ಹೊರಗೆ ಬಂದು ತನ್ನ ಗಾಡಿಯಲ್ಲಿ ಒಬ್ಬನೇ ಕೂರುತ್ತಾನೆ. ಸುಮ್ನೆ ಕೂತಿದ್ದಾನೆ. ಆಮೇಲೆ ಅಳು ಬರುತ್ತದೆ. ಆ ಅಳುವಿಗೆ ಒಂದು ಹೆಸರಿಲ್ಲ. ಟೆರಿಗಾಗಿಯಾ, ಚಾಪೆಲ್‌ಗಾಗಿಯಾ, ತನಗಾಗಿಯಾ, ಗೊತ್ತಾಗುವುದಿಲ್ಲ. ಬಾಕಿ ಉಳಿದದ್ದೆಲ್ಲ ಒಟ್ಟಿಗೆ ಬಂದಿದೆ. ಸದರ್ಲ್ಯಾಂಡ್ ಇಲ್ಲಿ ಚೆಂದ ಕಾಣಲು ಯತ್ನಿಸುವುದೇ ಇಲ್ಲ. ಮುಖ ಸೊಟ್ಟಗಾಗುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಬಹಳ ಹೊತ್ತಿಂದ ಅಳದವನು ಅಳುವಾಗ ಅಳುವುದೇ ಮರೆತುಹೋಗಿರುತ್ತದಲ್ಲ, ಹಾಗೆ.

ಅಷ್ಟರಲ್ಲಿ ರೇಡಿಯೋದಲ್ಲಿ ಕರೆ. ಇನ್ನೇನೋ ಕೆಲಸ ಬಂದಿದೆ. ಅವನು ಉಸಿರು ಎಳೆದುಕೊಳ್ಳುತ್ತಾನೆ. ಮುಖ ಒರೆಸಿಕೊಳ್ಳುತ್ತಾನೆ. ಉತ್ತರ ಕೊಡುತ್ತಾನೆ. ದನಿ ಮಾಮೂಲಿಗೆ ಬಂದಿದೆ. ಇಳಿದು ಹೋಗುತ್ತಾನೆ.

ಅಳುವುದು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಳು ಬರಿಸುವುದು ಅಭ್ಯಾಸದಿಂದ ಬರುತ್ತದೆ. ಅಳು ನಿಲ್ಲಿಸುವುದು ಇದೆಯಲ್ಲ, ಅದು ಕಷ್ಟ. ಸುಳ್ಳು ಅಳು ಕರೆಂಟ್ ಹೋದ ಹಾಗೆ ಫಟ್ ಅಂತ ನಿಲ್ಲುತ್ತದೆ. ನಿಜವಾದ ಅಳು ನಿಂತ ಮೇಲೂ ಗಂಟಲಲ್ಲಿ ಇರುತ್ತದೆ. ಉತ್ತರ ಕೊಡುವ ಮುಂಚಿನ ಆ ಒಂದು ಉಸಿರಿನಲ್ಲಿ ಇವರು ಅದನ್ನು ಉಳಿಸಿಕೊಂಡಿದ್ದಾರೆ. ನಮ್ಮ ಹುಡುಗರು ಕಲಿಯಬೇಕಾದದ್ದು ಆ ಉಸಿರನ್ನು. 2006ರಲ್ಲಿ ಇವರಿಗೆ ಅಮೆರಿಕದ ಟಿವಿಯವರ ದೊಡ್ಡ ಪ್ರಶಸ್ತಿ ಎಮ್ಮಿ ಬಂತು, ಐದನೇ ಸೀಸನ್‌ಗೆ. ನನ್ನನ್ನು ಕೇಳಿದ್ದರೆ ಈ ಗಾಡಿಯ ದೃಶ್ಯಕ್ಕೇ ಕೊಟ್ಟುಬಿಡುತ್ತಿದ್ದೆ. ಯಾರೂ ಕೇಳಲಿಲ್ಲ ಅನ್ನಿ.

ಇನ್ನೊಂದು ವಿಷಯ ರಂಗದವರಾದ ನಿಮಗೆ ತಕ್ಷಣ ಹೊಳೆಯುತ್ತದೆ. ಕಥೆಯಲ್ಲಿ ಇದೆಲ್ಲ ಒಂದೇ ದಿನ. ಚಿತ್ರೀಕರಣ ನಡೆಯುವುದು ತಿಂಗಳುಗಟ್ಟಲೆ. ಬೆಳಗಿನ ಏಳು ಗಂಟೆಯ ದಣಿವು ಒಂದು ತಿಂಗಳಲ್ಲಿ, ಮಧ್ಯಾಹ್ನದ ದಣಿವು ಇನ್ನೊಂದು ತಿಂಗಳಲ್ಲಿ. ನಾಟಕದಲ್ಲಿ ಸಂಜೆ ಹಚ್ಚಿದ ಬಣ್ಣ ಬೆಳಗಿನ ಜಾವಕ್ಕೆ ಅಳಿಸುತ್ತೇವೆ, ಭಾವವೂ ಅದರ ಜೊತೆ ಇಳಿಯುತ್ತದೆ. ಇವರು ಮನೆಗೆ ಹೋಗಿ, ಉಂಡು, ಮಲಗಿ, ರಜಾ ಕಳೆದು ಮತ್ತೆ ಬಂದು, ಹೆಂಡತಿ ಸತ್ತವನ ಅದೇ ಮಧ್ಯಾಹ್ನಕ್ಕೆ ಇಳಿಯಬೇಕು. ಇಳಿಯುವ ಮೆಟ್ಟಿಲು ಅವರಿಗೆ ದನಿಯೇ ಇರಬೇಕು ಅಂತ ನನ್ನ ಊಹೆ. ಆ ತಗ್ಗಿದ, ಸ್ವಲ್ಪ ಒರಟಾದ, ಪಿಸುಮಾತಿಗೆ ಹತ್ತಿರದ ದನಿ ಮಾತ್ರ ಸೀಸನ್ ಬದಲಾದರೂ ಬದಲಾಗುವುದಿಲ್ಲ. ಕೂಗುವುದಿಲ್ಲ ಅಂತಲ್ಲ, ಸಾಕಷ್ಟು ಕೂಗುತ್ತಾರೆ. ಆದರೆ ಜೋರು ಪೆಟ್ಟು ಬಿದ್ದಾಗ ಮಾತ್ರ ದನಿ ಕೆಳಗೆ ಹೋಗುತ್ತದೆ.

ಮೆಚ್ಚುಗೆ ಸಾಕು. ಈಗ ಕಿರಿಕಿರಿಯ ಮಾತು.

ಈ ಧಾರಾವಾಹಿಯಲ್ಲಿ ಜ್ಯಾಕ್ ಕೈಗೆ ಸಿಕ್ಕವರನ್ನು ಹಿಂಸಿಸುತ್ತಾನೆ. ಹಿಂಸಿಸಿದರೆ ನಿಜ ಹೊರಬರುತ್ತದೆ ಅಂತ ಕಥೆ ಮತ್ತೆ ಮತ್ತೆ ತೋರಿಸುತ್ತದೆ. 2006ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಡೀನ್ ಆಗಿದ್ದ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್ ಇದರ ತಯಾರಕರನ್ನು ಖುದ್ದಾಗಿ ಭೇಟಿಯಾಗಿ ಆಕ್ಷೇಪ ಹೇಳಿದರು. ತಮ್ಮ ವಿದ್ಯಾರ್ಥಿಗಳ ಮೇಲೆ ಇದು ಕೆಟ್ಟ ಪರಿಣಾಮ ಬೀರುತ್ತಿದೆ ಅನ್ನುವುದು ಅವರ ದೂರು. ಸೈನ್ಯದವರೇ ಹೋಗಿ ಹೀಗೆ ಹೇಳಬೇಕಾಯಿತು.

ನನ್ನ ತಕರಾರು ಇನ್ನೂ ಸ್ವಲ್ಪ ಒಳಗಿನದು. ಅಭಿನಯ ಇಷ್ಟು ಚೆನ್ನಾಗಿರುವುದೇ ಇಲ್ಲಿ ಅಪಾಯ. ಪಾಪ, ಎಲ್ಲ ಕಳೆದುಕೊಂಡವನು ಅಂತ ನಾವು ಅವನ ಪರ ನಿಂತುಬಿಡುತ್ತೇವೆ. ಅವನ ದುಃಖ ಅವನಿಗೆ ಲೈಸೆನ್ಸ್ ಆಗುತ್ತದೆ. ಅವನು ಹಿಡಿದು ಹೊಡೆಯುವ ಮನುಷ್ಯನಿಗೂ ಹೆಂಡತಿ ಮಕ್ಕಳಿದ್ದಾರು, ಅವರ ದುಃಖಕ್ಕೆ ಕ್ಯಾಮೆರಾ ಇಲ್ಲ. ಇದು ನಟನ ತಪ್ಪಲ್ಲ ಅಂತ ಸುಲಭವಾಗಿ ಹೇಳಬಹುದು. ಆದರೆ ಸದರ್ಲ್ಯಾಂಡ್ ಮುಂದೆ ಇದರ ನಿರ್ಮಾಪಕರಲ್ಲಿ ಒಬ್ಬರೂ ಆದರು. ಹಾಗಾಗಿ ಅಷ್ಟು ಸುಲಭವಾಗಿ ಬಿಡಲಾರೆ.

ಎಂಟನೇ ಸೀಸನ್ನಿಗೆ ಬರುವಾಗ ಬರೆದವರಿಗೂ ಇದು ಹೊಳೆದಂತಿದೆ. ಅದು ಮುಗಿದದ್ದು 2010ರಲ್ಲಿ. ಅಲ್ಲಿ ಜ್ಯಾಕ್ ಮತ್ತೆ ಪ್ರೀತಿಸಿದ ರೆನೆ ಗುಂಡಿಗೆ ಬಲಿಯಾಗುತ್ತಾಳೆ. ಈ ಸಲ ಅವನು ಅಳು ನುಂಗಿ ಕೆಲಸಕ್ಕೆ ಹೋಗುವುದಿಲ್ಲ. ಕೆಲಸವನ್ನೇ ಬಿಟ್ಟು ಸೇಡಿಗೆ ಹೋಗುತ್ತಾನೆ. ಒಂದು ಕಡೆ ಮಾಜಿ ಅಧ್ಯಕ್ಷ ಲೋಗನ್‌ನ ಕಾರುಗಳ ಮೇಲೆ ಒಬ್ಬನೇ ದಾಳಿ ಮಾಡುತ್ತಾನೆ. ಆಗ ಮೈತುಂಬ ಕಪ್ಪು ಕವಚ, ಮುಖಕ್ಕೆ ಮುಸುಕು. ಇಷ್ಟು ವರ್ಷ ಯಾವ ಮುಖವನ್ನು ನಂಬಿ ನಾವು ಅವನನ್ನು ಕ್ಷಮಿಸಿದ್ದೆವೋ ಆ ಮುಖವನ್ನೇ ಮುಚ್ಚಿಬಿಟ್ಟರು. ಲೋಗನ್ ಹೆದರುತ್ತಾನೆ. ನಮಗೂ ಹೆದರಿಕೆಯೇ ಆಗುತ್ತದೆ. ದುಃಖ ಇಷ್ಟು ಕೆಟ್ಟದಾಗಿಯೂ ಕಾಣಬಲ್ಲದು ಅಂತ ಒಪ್ಪಿಕೊಂಡ ದೃಶ್ಯ ಅದು. ತಡವಾಗಿ ಒಪ್ಪಿಕೊಂಡರು, ಆದರೂ ಒಪ್ಪಿಕೊಂಡರು.

ಹಿಂದಿಯಲ್ಲೂ ಇದು ಬಂದಿತ್ತು, ನಿಮ್ಮಲ್ಲಿ ಕೆಲವರು ನೋಡಿರಬಹುದು. 2013ರಲ್ಲಿ ಕಲರ್ಸ್ ಚಾನೆಲ್‌ನಲ್ಲಿ, ಅನಿಲ್ ಕಪೂರ್ ಅವರೇ ಮುಖ್ಯ ಪಾತ್ರದಲ್ಲಿ, ಜೈಸಿಂಗ್ ರಾಥೋಡ್ ಅಂತ. ಅದಕ್ಕೂ ಮೊದಲು ಮೂಲ ಧಾರಾವಾಹಿಯ ಎಂಟನೇ ಸೀಸನ್‌ನಲ್ಲಿ ಅವರು ಒಂದು ದೇಶದ ಅಧ್ಯಕ್ಷನಾಗಿ ನಟಿಸಿದ್ದರು. 2016ರ ಎರಡನೇ ಸೀಸನ್‌ನಲ್ಲಿ ರಾಥೋಡ್ ಕೂಡ ಹೆಂಡತಿ ಕಳೆದುಕೊಂಡವನೇ. ಅನಿಲ್ ಕಪೂರ್ ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ದುಃಖ ನಮಗೆ ಕಾಣಲಿ ಅಂತ ಬರುತ್ತದೆ. ಸದರ್ಲ್ಯಾಂಡ್ ಅವರದ್ದು ನಾವು ಕದ್ದು ನೋಡಿದ ಹಾಗೆ ಇರುತ್ತದೆ. ಇದು ನನ್ನ ರುಚಿ. ಬೇರೆಯವರಿಗೆ ಬೇರೆ ಅನಿಸಬಹುದು.

ಕೊನೆಯಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: "ಸರ್, ನಾನು ಧಾರಾವಾಹಿ ಆಡಿಷನ್‌ಗೆ ಹೋಗ್ತಾ ಇದ್ದೀನಿ. ಇದ್ರಲ್ಲಿ ಯಾವ ಸೀನ್ ಪ್ರಾಕ್ಟೀಸ್ ಮಾಡ್ಲಿ?"

ಗಾಡಿಯ ದೃಶ್ಯ ಬೇಡ ಅಂದೆ. ಅದಕ್ಕೆ ಹಿಂದೆ 24 ಕಂತಿನ ಭಾರ ಬೇಕು. ಅದಿಲ್ಲದೆ ಮಾಡಿದರೆ ಬರೀ ಅಳು ಆಗುತ್ತದೆ. ಫೋನಿನ ದೃಶ್ಯ ಮಾಡಪ್ಪ. ಮಾತು ನೀನೇ ಕಟ್ಟಿಕೋ, ನಿನ್ನ ಮನೆಯ ಮಾತೇ ಇರಲಿ. ಆ ಕಡೆ ಗೆಳೆಯನನ್ನು ಬೇರೆ ಕೋಣೆಯಲ್ಲಿ ಕೂರಿಸು. ನಿನ್ನ ಮುಖ ಅವನಿಗೆ ಕಾಣಬಾರದು, ದನಿ ಮಾತ್ರ ಕೇಳಬೇಕು. ಏನೂ ಆಗಿಲ್ಲ, ನಾಳೆ ಬರುತ್ತೇನೆ ಅಂತ ಅವನನ್ನು ನಂಬಿಸು. ಇನ್ನೊಬ್ಬ ನಿನ್ನ ಎದುರಿಗೆ ಕೂತು ಮುಖ ನೋಡಲಿ. ಮುಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳು. ಇಬ್ಬರೂ ಒಂದೇ ಮಾತು ಹೇಳಿದರೆ ಮತ್ತೆ ಮೊದಲಿಂದ ಮಾಡು.